ಇಗುವಾಸು ಒಂದೇ ಕಡೆಯಿಂದ ನೋಡಿದ್ರೆ ಸಾಕಾ? ಅತ್ತಿಗೆ ಕೇಳಿದ್ದಕ್ಕೆ

ಅತ್ತಿಗೆ, ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಅದಕ್ಕೆ ಮಾತಾಡ್ತಾ ಇದೀನಿ, ಫೋನೇ ಬರ್ಕೊಳ್ತಿದೆ. ಕಾಗುಣಿತ ಹೆಚ್ಚುಕಮ್ಮಿ ಆದ್ರೆ ಗ್ರೂಪಲ್ಲಿರೋ ಮೇಷ್ಟ್ರುಗಳು ಹೊಟ್ಟೆಗೆ ಹಾಕ್ಕೊಳ್ಳಿ. ಸಾವ್ ಪಾವ್ಲೊಗೆ ಮಗನ ಮನೆಗೆ ಹೋಗ್ತಾ ಇದೀವಿ, ಇಗುವಾಸು ಜಲಪಾತ ಬ್ರೆಜಿಲ್ ಕಡೆಯಿಂದ್ಲೇ ನೋಡಿದ್ರೆ ಸಾಕಾ, ಅದೊಂದಕ್ಕೆ ಅರ್ಜೆಂಟೀನಾ ವೀಸಾನೂ ಮಾಡಿಸ್ಬೇಕಾ ಅಂತ ಕೇಳಿದ್ರಿ. ಅದ್ರ ಕೆಳಗೆ ಚಿಕ್ಕಪ್ಪ, ಜೋಗ ನೋಡಿದೋರಿಗೆ ಅದೇನು ಮಹಾ ಅಂತ ಹಾಕಿದಾರೆ.

ಮಾಡಿಸಿ ಅತ್ತಿಗೆ. ಅಷ್ಟು ದೂರ ಹೋಗಿ ಆಚೆ ದಡಕ್ಕೆ ಹೋಗ್ದೆ ಬರೋದು, ಮದುವೆಗೆ ಹೋಗಿ ಊಟ ಮಾಡ್ದೆ ಬಂದ ಹಾಗೆ. ಒಂದೇ ಕಡೆ ಅಂತ ಹಟ ಹಿಡಿದ್ರೆ ನಾನಂತೂ ಅರ್ಜೆಂಟೀನಾ ಅಂತೀನಿ. ಮುಕ್ಕಾಲು ಪಾಲಿಗಿಂತ ಹೆಚ್ಚು ಜಲಪಾತ ಇರೋದು ಅವರ ನೆಲದಲ್ಲಿ. ಬ್ರೆಜಿಲ್ ಕಡೆ ನಿಂತ್ರೆ ಎದುರುಗಡೆ ಇರೋ ಅರ್ಜೆಂಟೀನಾದ ನೀರೆಲ್ಲ ಒಂದೇ ನೋಟಕ್ಕೆ ಸಿಗುತ್ತೆ, ಫೋಟೋಗೆ ಅದೇ ಚೆನ್ನ, ಇಲ್ಲ ಅನ್ನಲ್ಲ. ಆದ್ರೆ ಆಚೆ ಹೋದ್ರೆ ಅದೇ ನೀರಿನ ನೆತ್ತಿ ಮೇಲೆ ನಡೀತೀರಿ.

ಚಿಕ್ಕಪ್ಪ, ಎತ್ತರದಲ್ಲಿ ಜೋಗವೇ ಗೆಲ್ಲುತ್ತೆ, ಒಪ್ಪಿದೆ. ನಮ್ಮದು 253 ಮೀಟರ್, ಅದು ಹೆಚ್ಚಂದ್ರೆ 80ರ ಆಸುಪಾಸು. ಆದ್ರೆ ನಮ್ಮಲ್ಲಿ ರಾಜ, ರಾಣಿ, ರೋರರ್, ರಾಕೆಟ್ ಅಂತ ನಾಲ್ಕು ಕವಲು. ಅಲ್ಲಿ ಸುಮಾರು 2.7 ಕಿಲೋಮೀಟರ್ ಉದ್ದದ ಅಂಚಿನಿಂದ 275ರಷ್ಟು ಧಾರೆ ಬೀಳುತ್ತೆ, ನದಿ ತುಂಬಿದ್ರೆ ಒಂದಕ್ಕೊಂದು ಸೇರ್ಕೊಂಡು ಲೆಕ್ಕವೇ ತಪ್ಪುತ್ತೆ. ಮಳೆಗಾಲಕ್ಕೆ ಕಾಯ್ಬೇಕಾಗಿಲ್ಲ, ವರ್ಷವಿಡೀ ನೀರಿರುತ್ತೆ. 2020ರಂಥ ಬರ ಬಂದಾಗ ಮಾತ್ರ ಬಂಡೆ ಕಾಣೋ ಹಾಗೆ ಸೊರಗುತ್ತೆ. ಮೇಲ್ಗಡೆ ಬ್ರೆಜಿಲ್‌ನೋರು ಸಾಲಾಗಿ ಅಣೆಕಟ್ಟು ಕಟ್ಟಿದಾರೆ, ಅವರು ಹಿಡಿಯೋದು ಬಿಡೋದ್ರ ಮೇಲೂ ಏರಿಳಿತ ಆಗುತ್ತೆ. ಅದು ನಮಗೇನು ಹೊಸದಲ್ಲ ಬಿಡಿ.

ಅರ್ಜೆಂಟೀನಾ ಕಡೆ ಪಾರ್ಕ್ ಒಳಗೇ ಪುಟ್ಟ ರೈಲು ಓಡುತ್ತೆ. ಕೊನೇ ಸ್ಟೇಷನ್‌ನಲ್ಲಿ ಇಳಿದ್ರೆ ಕಬ್ಬಿಣದ ಜಾಲರಿ ಹಾಸಿದ ಕಾಲುಸೇತುವೆ, ಒಂದು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಪೂರ್ತಿ ಸಮತಟ್ಟು, ಮೆಟ್ಟಿಲಿಲ್ಲ, ನಿಮ್ಮ ಮಂಡಿಗೆ ಏನೂ ತೊಂದ್ರೆ ಇಲ್ಲ. ಜಾಲರಿ ಸಂದಿಯಲ್ಲಿ ಬಗ್ಗಿ ನೋಡಿದ್ರೆ ನದಿ ಸುಮ್ನೆ ನಮ್ಮ ಕೆರೆ ಥರ ಹರೀತಿರುತ್ತೆ, ಸದ್ದೂ ಇಲ್ಲ. ಅಲ್ಲೊಂದು ಇಲ್ಲೊಂದು ಹಳೇ ಸೇತುವೆಯ ಕಂಬ ಮುರಿದು ನಿಂತಿರೋದು ಕಾಣುತ್ತೆ, ಪ್ರವಾಹ ಕಿತ್ಕೊಂಡು ಹೋಗಿದ್ದು. ಹಾಗೇ ಹೋಗ್ತಾ ಮುಂದೆ ಬಿಳೀ ಹೊಗೆ ಏಳೋದು ಕಾಣ್ಸುತ್ತೆ. ಅದೇ ಗರ್ಗಾಂತಾ ದೆಲ್ ದಿಯಾಬ್ಲೊ, ಸೈತಾನನ ಗಂಟಲು. ಲಾಳದ ಆಕಾರದ ಕಂದಕ, ನದಿಯ ಸುಮಾರು ಅರ್ಧ ನೀರು ಅದೊಂದರೊಳಗೇ ಬೀಳುತ್ತೆ. ಎರಡು ದೇಶದ ಗಡಿಗೆರೆ ಹೋಗೋದೂ ಅದ್ರೊಳಗೇ. ತಳ ಕಾಣಲ್ಲ. ಪಕ್ಕದಲ್ಲಿರೋರು ಕಿರುಚಿದ್ರೂ ಕೇಳಲ್ಲ, ಕನ್ನಡಕ ಒರೆಸಿ ಒರೆಸಿ ಸಾಕಾಗುತ್ತೆ. ಅಷ್ಟರ ಮಧ್ಯೆ ಕಪ್ಪಗಿನ ಸಣ್ಣ ಬಾನಾಡಿ ಹಕ್ಕಿಗಳು ಬೀಳೋ ನೀರಿನ ಪರದೆಯನ್ನೇ ಸೀಳ್ಕೊಂಡು ಒಳಗೆ ಹೋಗ್ತವೆ, ಗೂಡು ಹಿಂದಿರೋ ಬಂಡೆಗೆ ಅಂಟಿಸಿರ್ತವೆ. ನಾನು ನೀರಿಗಿಂತ ಹೆಚ್ಚು ಹೊತ್ತು ಅವನ್ನೇ ನೋಡ್ತಾ ನಿಂತಿದ್ದೆ.

ಈ ಕಾಲುಸೇತುವೆ ಓಪನ್ ಇದೆಯಾ ಅಂತ ಹೊರಡೋ ಮುಂಚೆ ವಿಚಾರಿಸ್ಕೊಳ್ಳಿ. 2022ರ ಅಕ್ಟೋಬರ್‌ನಲ್ಲೂ 2023ರಲ್ಲೂ ಪ್ರವಾಹ ಬಂದು ಹಾಳಾಗಿ ತಿಂಗಳುಗಟ್ಟಲೆ ಮುಚ್ಚಿತ್ತು. ಮುಚ್ಚಿದ್ರೆ ಪಾರ್ಕ್‌ನಲ್ಲೇ ಮೇಲಿನ ಸುತ್ತು ಅಂತ ಇನ್ನೊಂದು ಕಾಲುದಾರಿ ಇದೆ, ಅದನ್ನ ಹಾಕಿ, ಅದೂ ಸಲೀಸು. ಕೆಳಗಿನ ಸುತ್ತಿಗೆ ಮೆಟ್ಟಿಲು ಜಾಸ್ತಿ, ಅದನ್ನ ಮಗನಿಗೆ ಬಿಡಿ.

ಅಲ್ಲಿನ ಮಣ್ಣು ಕುಂಕುಮದ ಬಣ್ಣ. ಮಳೆ ಜೋರಾದ್ರೆ ಜಲಪಾತವೂ ಕೆಂಪು ಕಂದು. ಬಂಡೆ ಮಾತ್ರ ನಮ್ಮ ವಿಜಯಪುರದ ಕಡೆ ಸಿಗೋ ಕರೀ ಕಲ್ಲಿನ ಜಾತಿಯದೇ, ಲಾವಾ ಹೆಪ್ಪುಗಟ್ಟಿದ ಬಸಾಲ್ಟ್. ನಮ್ಮದಕ್ಕಿಂತ ತುಂಬಾ ಹಳೇದು, 13 ಕೋಟಿ ವರ್ಷದಷ್ಟು.

ಇನ್ನು ಕ್ವಾಟಿ ಅನ್ನೋ ಪ್ರಾಣಿ. ಉದ್ದ ಮೂತಿ, ಪಟ್ಟೆಪಟ್ಟೆ ಬಾಲ, ನೋಡೋಕೆ ಮುದ್ದು. ಧರ್ಮಸ್ಥಳದ ಕಡೆಯ ಕೋತಿಗಳೇ ವಾಸಿ ಅನ್ನೋ ಹಾಗೆ ಮಾಡ್ತವೆ. ಚಿಪ್ಸ್ ಕವರ್ ಸದ್ದಾದ್ರೆ ಗುಂಪಾಗಿ ಬಂದು ಟೇಬಲ್ ಹತ್ತುತ್ತವೆ. ಕಚ್ಚಿಸ್ಕೊಂಡ ಕೈಯ ಫೋಟೋ ಹಾಕಿ ಬೋರ್ಡ್ ನಿಲ್ಲಿಸಿದಾರೆ. ನಿಮ್ಮ ಚಕ್ಕುಲಿ ಕೋಡುಬಳೆ ಹೋಟ್ಲಲ್ಲೇ ಇರ್ಲಿ. ಅಲ್ಲಿ ಚೀಪಾ ಅಂತ ಮರಗೆಣಸಿನ ಹಿಟ್ಟಿನ ಚೀಸ್ ಬನ್ ಮಾರ್ತಾರೆ, ಬಿಸಿಬಿಸಿ ಚೆನ್ನಾಗಿರುತ್ತೆ, ಆದ್ರೆ ಸಾಮಾನ್ಯವಾಗಿ ಮೊಟ್ಟೆ ಹಾಕಿರ್ತಾರೆ, ಕೇಳಿ ತಗೊಳ್ಳಿ.

ಈಗ ಕಾಗದಪತ್ರ. ಬ್ರೆಜಿಲ್ ಕಡೆ ಊರು ಫೋಸ್ ದು ಇಗುವಾಸು, ಆಚೆ ಕಡೆ ಪುವೆರ್ತೊ ಇಗುವಾಸು, ನಡುವೆ ತಾಂಕ್ರೆದೊ ನೇವಿಸ್ ಸೇತುವೆ. ದಾಟೋವಾಗ ಎರಡೂ ಕಡೆ ಪಾಸ್‌ಪೋರ್ಟ್‌ಗೆ ಮುದ್ರೆ ಬಿತ್ತಾ ನೋಡಿ. ಸ್ಥಳೀಯರು ಹಾಗೇ ದಾಟಿಬಿಡ್ತಾರೆ, ಅವರ ಹಿಂದೆ ನೀವೂ ಹೋಗ್ಬೇಡಿ. ಆಚೆ ಹೋಗಿ ವಾಪಸ್ ಬರೋದು ಅಂದ್ರೆ ಬ್ರೆಜಿಲ್‌ಗೆ ಎರಡನೇ ಸಲ ಪ್ರವೇಶ, ವೀಸಾ ಅದಕ್ಕೆ ಬಿಡುತ್ತಾ ಅಂತ ಮೊದ್ಲೇ ನೋಡ್ಕೊಳ್ಳಿ. ಯೆಲ್ಲೋ ಫೀವರ್ ಲಸಿಕೆ ಮರೀಬೇಡಿ. ಹತ್ತು ದಿನ ಮುಂಚೆಯಾದ್ರೂ ಹಾಕಿಸ್ಬೇಕು. ಆ ಸರ್ಟಿಫಿಕೇಟ್ ಇಲ್ದೆ ವಾಪಸ್ ಬಂದ್ರೆ ನಮ್ಮ ಏರ್‌ಪೋರ್ಟ್‌ನಲ್ಲೇ ಹಿಡಿದು ಕ್ವಾರಂಟೈನ್‌ಗೆ ಹಾಕ್ತಾರೆ. ಭಾವನಿಗೆ ಅರವತ್ತು ದಾಟಿರೋದ್ರಿಂದ ಹಾಕಿಸೋ ಮುಂಚೆ ಡಾಕ್ಟರ್ ಹತ್ರ ಮಾತಾಡಿ.

ಭಾವನ ವಿಷಯ ಬಂತಲ್ಲ, ಶರಾವತಿ ಪವರ್‌ಹೌಸ್‌ನಲ್ಲಿ ದುಡಿದೋರು, ಇತೈಪು ಅಣೆಕಟ್ಟು ತೋರಿಸ್ದೆ ಕರ್ಕೊಂಡು ಬರ್ಬೇಡಿ. ಫೋಸ್‌ನಿಂದ ಹತ್ರವೇ, ಪರಾನಾ ನದಿ ಮೇಲೆ, ಬ್ರೆಜಿಲ್ ಪರಾಗ್ವೆ ಸೇರಿ ಕಟ್ಟಿದ್ದು. ಶರಾವತಿ 1,035 ಮೆಗಾವಾಟ್, ಇದು 14,000. ಆದ್ರೆ ಅದ್ರ ಹಿನ್ನೀರಲ್ಲಿ ಗ್ವಾಯಿರಾ ಅಂತ ಇನ್ನೊಂದು ಗಡಿ ಜಲಪಾತ ಇತ್ತು, ನೀರಿನ ಪ್ರಮಾಣದಲ್ಲಿ ಇಗುವಾಸುನ್ನೂ ಮೀರಿಸ್ತಿದ್ದಿದ್ದು. 1982ರಲ್ಲಿ ಪೂರ್ತಿ ಮುಳುಗಿಸಿದ್ರು. ಕೊನೇ ಸಲ ನೋಡೋಣ ಅಂತ ಜನ ನುಗ್ಗಿದಾಗ ತೂಗುಸೇತುವೆ ಹರಿದು ಹಲವರು ಸತ್ತೂ ಹೋದ್ರು. ಭಾವ ಟರ್ಬೈನ್ ಮುಂದೆ ನಿಂತ್ರೆ ಅರ್ಧ ದಿನ ಕದಲಲ್ಲ, ಅದಕ್ಕೆ ಇತೈಪುನ ಕೊನೆಗೆ ಇಟ್ಕೊಳ್ಳಿ, ಜಲಪಾತ ಎರಡೂ ಕಡೆ ಮುಗಿಸ್ಕೊಂಡ ಮೇಲೆ.