ಸಹಾಯ ಬೇಕು: ಮೈಸೂರಿನಲ್ಲಿ ಆಕ್ಟೇವಿಯಾ ಆರ್‌ಎಸ್ 230 ಮಾರಾಟ

ಎಲ್ಲರಿಗೂ ನಮಸ್ಕಾರ. ಕುವೆಂಪುನಗರದ ನಿವಾಸಿಯಾದ ನಾನು 2017ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230 ಕಾರನ್ನು ಮಾರಬೇಕೆಂದಿದ್ದೇನೆ. 2.0 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್‌ನಿಂದ 230 ಪಿಎಸ್ ಶಕ್ತಿ ಕೊಡುವ, ಆಕ್ಟೇವಿಯಾದಲ್ಲೇ ಹೆಚ್ಚು ಬಲದ ಮಾದರಿಯಾದ ಈ ಕಾರನ್ನು ದಲ್ಲಾಳಿಗಳು ಸಾಮಾನ್ಯ ಆಕ್ಟೇವಿಯಾದ ದರಕ್ಕೇ ಕೇಳುತ್ತಿರುವುದು ಬೇಸರ ತಂದಿದೆ. ಡಿಎಸ್‌ಜಿ (ಎರಡು ಕ್ಲಚ್‌ಗಳ ಆಟೊಮ್ಯಾಟಿಕ್) ಗೇರ್‌ಬಾಕ್ಸ್‌ನ ಆಯಿಲ್ ಬದಲಿಸಿದ ಬಿಲ್ಲಿನಿಂದ ಹಿಡಿದು ಎಲ್ಲ ದಾಖಲೆಗಳೂ ನನ್ನಲ್ಲಿವೆ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಕೂಡ ಕಂಪನಿಯಿಂದ ಬಂದಂತೆಯೇ ಇದೆ. ಮುಂದಿನ ಎಡ ಟೈರಿನ ಒಳಅಂಚು ಮಾತ್ರ ಸವೆದಿದ್ದು, ಅದನ್ನು ಕೊಳ್ಳುವವರಿಗೆ ಮೊದಲೇ ತೋರಿಸುತ್ತೇನೆ. ಆದರೆ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ಮಿತಿ ಮೀರಿ ಓಡಿಸಿ ನೋಡಬೇಕೆನ್ನುವವರಿಗೆ ಕೀಲಿ ಕೊಡಲಾರೆ.

ಮೈಸೂರು ಅಥವಾ ಮಂಡ್ಯದಲ್ಲಿ ಟರ್ಬೊ ಮತ್ತು ಕ್ಲಚ್‌ಗಳನ್ನು ಸ್ಕ್ಯಾನರ್ ಹಾಕಿ ಪರೀಕ್ಷಿಸಿ ಲಿಖಿತ ವರದಿ ಕೊಡುವ ನಂಬಿಕಸ್ಥ ಮೆಕ್ಯಾನಿಕ್ ಇದ್ದರೆ ದಯವಿಟ್ಟು ತಿಳಿಸಿ. ಕೇರಳದವರೊಬ್ಬರು ಆಸಕ್ತಿ ತೋರಿರುವುದರಿಂದ, ಕಾರನ್ನು ಬೇರೆ ರಾಜ್ಯಕ್ಕೆ ವರ್ಗಾಯಿಸಲು ಆರ್‌ಟಿಒ ಕಚೇರಿಯಲ್ಲಿ ಫಾರಂ 28ರ ಮೂಲಕ ನಿರಾಕ್ಷೇಪಣಾ ಪತ್ರ ಪಡೆದವರು ತಮ್ಮ ಅನುಭವ ಹಂಚಿಕೊಂಡರೆ ಉಪಕಾರವಾಗುತ್ತದೆ.