ಪಿಎಚ್‌ಪಿಗೆ ಸಿಗುವ ಡೇಟಾಬೇಸ್ ಜಾವಾಕ್ಕೆ ಏಕೆ ಸಿಗುತ್ತಿಲ್ಲ?

ಪ್ರಶ್ನೆ:
ನಮಸ್ಕಾರ. ನಮ್ಮ ಗ್ರಂಥಾಲಯದ ಪುಸ್ತಕಪಟ್ಟಿಯನ್ನು ಲಿನಕ್ಸ್ ಯಂತ್ರವೊಂದರ ಮೈಎಸ್‌ಕ್ಯುಎಲ್ ಡೇಟಾಬೇಸ್ ಸರ್ವರ್‌ನಲ್ಲಿ ಇಟ್ಟಿದ್ದೇನೆ. ಅದೇ ಯಂತ್ರದ ಪಿಎಚ್‌ಪಿ ಪುಟವು ‘ಲೋಕಲ್‌ಹೋಸ್ಟ್’ (ಇದೇ ಯಂತ್ರ ಎಂದರ್ಥ) ಎಂಬ ಹೆಸರಿನಿಂದ ಸಲೀಸಾಗಿ ಸಂಪರ್ಕ ಪಡೆಯುತ್ತದೆ. ಅದೇ ಬಳಕೆದಾರ, ಅದೇ ಪಾಸ್‌ವರ್ಡ್ ಕೊಟ್ಟರೂ ಜಾವಾ ಪ್ರೋಗ್ರಾಂ ಮಾತ್ರ ಸಂಪರ್ಕ ವಿಫಲವಾಯಿತೆಂದು ನಿಂತುಬಿಡುತ್ತದೆ. ಎರಡು ದಿನಗಳಿಂದ ಪಾಸ್‌ವರ್ಡನ್ನೇ ಬದಲಿಸಿ ನೋಡುತ್ತಿದ್ದೇನೆ.

ಉತ್ತರ 1:
ಪಾಸ್‌ವರ್ಡ್ ತಪ್ಪಾಗಿದ್ದರೆ 1045 ಎಂಬ ದೋಷಸಂಖ್ಯೆ ಬರುತ್ತಿತ್ತು. ದಯವಿಟ್ಟು ಅದನ್ನು ಮುಟ್ಟಬೇಡಿ. ಲಿನಕ್ಸ್‌ನಲ್ಲಿ ಪಿಎಚ್‌ಪಿಯು ‘ಲೋಕಲ್‌ಹೋಸ್ಟ್’ ಎಂಬ ಹೆಸರನ್ನು ಕಂಡೊಡನೆ ನೆಟ್‌ವರ್ಕ್ ದಾರಿಯನ್ನು ಬಿಟ್ಟು ಸಾಕೆಟ್ ಫೈಲಿನ (ಒಂದೇ ಯಂತ್ರದ ಪ್ರೋಗ್ರಾಂಗಳು ಪರಸ್ಪರ ಮಾತಾಡುವ ವಿಶೇಷ ಫೈಲ್) ಮೂಲಕ ಸರ್ವರನ್ನು ತಲುಪುತ್ತದೆ. ಜಾವಾವನ್ನು ಡೇಟಾಬೇಸಿಗೆ ಜೋಡಿಸುವ ಜೆಡಿಬಿಸಿ ಡ್ರೈವರ್ ಅದೇ ಹೆಸರಿಗೆ ಟಿಸಿಪಿ ಎಂಬ ನೆಟ್‌ವರ್ಕ್ ದಾರಿಯಲ್ಲಿ 3306ನೇ ಪೋರ್ಟಿಗೆ (ಸರ್ವರ್ ಕಾಯುವ ಬಾಗಿಲ ಸಂಖ್ಯೆ) ಹೋಗುತ್ತದೆ. ಪಿಎಚ್‌ಪಿಯಲ್ಲಿ ‘ಲೋಕಲ್‌ಹೋಸ್ಟ್’ ತೆಗೆದು 127.0.0.1 ಎಂದು ಬರೆದು ನೋಡಿ; ಅದು ಇದೇ ಯಂತ್ರದ ನೆಟ್‌ವರ್ಕ್ ವಿಳಾಸ, ಅದನ್ನು ಕೊಟ್ಟರೆ ಪಿಎಚ್‌ಪಿಯೂ ಟಿಸಿಪಿಯಲ್ಲೇ ಹೋಗುತ್ತದೆ. ಅದೂ ವಿಫಲವಾದರೆ ದೋಷ ಜಾವಾದ್ದಲ್ಲ, ಸರ್ವರ್ ಆ ಪೋರ್ಟಿನಲ್ಲಿ ಕೇಳಿಸಿಕೊಳ್ಳುತ್ತಿಲ್ಲ ಎಂಬ ಸಾಧ್ಯತೆಯೇ ಹೆಚ್ಚು.

ಉತ್ತರ 2:
ಮೇಲಿನ ಉತ್ತರ ಸರಿಯಾಗಿದೆ. ಇಲ್ಲಿ ಭಾಷೆಗಿಂತ ಡ್ರೈವರ್ ಮುಖ್ಯ ಎಂಬುದು ನನ್ನ ಅಭಿಪ್ರಾಯ: ಪೈಥಾನ್ ಒಂದರಲ್ಲೇ, ಸಿ ಲೈಬ್ರರಿಯನ್ನು ನೆಚ್ಚಿದ ಮೈಎಸ್‌ಕ್ಯುಎಲ್‌ಕ್ಲೈಂಟ್ ಡ್ರೈವರ್ ಸಾಕೆಟ್ ಹಿಡಿದರೆ, ಪೈಮೈಎಸ್‌ಕ್ಯುಎಲ್ ನಾವು ಬೇರೆ ಹೇಳದ ಹೊರತು ಟಿಸಿಪಿಯನ್ನೇ ಬಳಸುತ್ತದೆ.

ಪ್ರಶ್ನೆ ಕೇಳಿದವರು:
127.0.0.1 ಕೊಟ್ಟಾಗ ಪಿಎಚ್‌ಪಿಯೂ ಸೋತಿತು. ಸರ್ವರಿನ ಕಾನ್ಫಿಗರೇಶನ್ ಫೈಲಿನಲ್ಲಿ ಟಿಸಿಪಿ ಸಂಪರ್ಕವನ್ನೇ ನಿಲ್ಲಿಸುವ ‘ಸ್ಕಿಪ್-ನೆಟ್‌ವರ್ಕಿಂಗ್’ ಎಂಬ ಸಾಲಿತ್ತು. ಅದನ್ನು ತೆಗೆದು, ಹೊರಗಿನವರು ಬರದಂತೆ ಸರ್ವರ್ ಕೇಳಿಸಿಕೊಳ್ಳುವ ವಿಳಾಸವಾದ ‘ಬೈಂಡ್-ಅಡ್ರೆಸ್’ ಅನ್ನು 127.0.0.1ಕ್ಕೆ ಸೀಮಿತಗೊಳಿಸಿ ಸರ್ವರನ್ನು ಮರಳಿ ಆರಂಭಿಸಿದೆ. ಜಾವಾ ಸಂಪರ್ಕ ಪಡೆಯಿತು. ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು.