ಎರೆಗೊಬ್ಬರದ ತೊಟ್ಟಿಯಲ್ಲಿ ಕರಿ ದಾರದಂಥ ಹಾವುಗಳು: ಎರೆಹುಳ ತಿನ್ನುತ್ತವಾ?

ಗಂಗಾವತಿ ತೋಟ:
ಎಲ್ಲರಿಗೂ ನಮಸ್ಕಾರ. ಗಂಗಾವತಿ ಹತ್ತಿರ ನಮ್ಮದೊಂದು ಸಣ್ಣ ತೋಟ ಇದೆ. ಹಿತ್ತಲಲ್ಲಿ ಎರಡು ಎರೆಗೊಬ್ಬರದ ತೊಟ್ಟಿ ಕಟ್ಟಿಸಿದ್ದೇನೆ. ನಿನ್ನೆ ಮೇಲಿನ ಗೋಣಿಚೀಲ ಎತ್ತಿದರೆ ಮೂಲೆಯಲ್ಲಿ ನಾಲ್ಕು ಕರಿ ಹುಳ ಕಂಡವು. ಎರೆಹುಳ ಇರಬೇಕು ಅಂತ ಕೈ ಹಾಕಿದೆ. ಸರ್ರನೆ ಜಾರಿ ಗೊಬ್ಬರದೊಳಗೆ ಹೋದವು. ಒಂದು ಬಾಲದಿಂದ ಬೆರಳಿಗೆ ಚುಚ್ಚಿತು. ರಕ್ತ ಬರಲಿಲ್ಲ, ಬಾವೂ ಇಲ್ಲ. ಅವ್ವ ನೋಡಿ, "ನಾಗರಮರಿ ಅದಾವು, ಕಿವಿಯಾಗ ಹೊಕ್ಕಾವು, ದೂರ ಸರಿ" ಅಂದರು. ಪಕ್ಕದ ಹೊಲದವರು ಪುಡಿ ಔಷಧ ಉದುರಿಸು ಅನ್ನುತ್ತಿದ್ದಾರೆ. ಹದಿನೈದು ದಿನದಿಂದ ಎರೆಹುಳವೂ ಕಮ್ಮಿಯಾಗಿವೆ. ಇವೇ ತಿನ್ನುತ್ತಿವೆಯಾ? ಏನು ಮಾಡಲಿ?

ರಾಯಚೂರು ಉರಗಮಿತ್ರ:
ಅಣ್ಣಾ, ಮೊದಲು ಆ ಪುಡಿ ಹಾಕಬೇಡಿ. ಹಾವಿಗಿಂತ ಮುಂಚೆ ನಿಮ್ಮ ಎರೆಹುಳಗಳೇ ಸಾಯುತ್ತವೆ.

ನೀವು ಹೇಳಿದ್ದು ಕೇಳಿದರೆ ಹುಳಹಾವು ಅನ್ನಿಸುತ್ತದೆ. ಕುರುಡು ಹಾವು ಅಂತಲೂ ಕರೆಯುತ್ತಾರೆ. ಆದರೆ ನೋಡದೆ ಖಚಿತ ಹೇಳಲ್ಲ. ನಮ್ಮ ಕಡೆ ಗರಗಸ ಮಂಡಲದ ಮರಿಯೂ ಗೇಣುದ್ದಕ್ಕಿಂತ ಚಿಕ್ಕದಿರುತ್ತದೆ, ಅದಕ್ಕೆ ವಿಷ ಇದೆ. ಹಾಗಾಗಿ ಇನ್ನು ಬರಿಗೈ ಬೇಡ. ಉದ್ದ ಕಡ್ಡಿಯಿಂದ ಮೆಲ್ಲಗೆ ಒಂದನ್ನು ಗಾಜಿನ ಬಾಟಲಿಗೆ ಇಳಿಸಿ, ಕೆಳಗಿನಿಂದ ಹೊಟ್ಟೆಯ ಫೋಟೋ ತೆಗೆಯಿರಿ. ಇನ್ನೊಂದು ವಿಷಯ: ಆ ಮೂಲೆಯಲ್ಲಿ ಇರುವೆ ಇವೆಯಾ, ನೋಡಿ ಹೇಳಿ.

ಗಂಗಾವತಿ ತೋಟ:
ಉಪ್ಪಿನಕಾಯಿ ಬಾಟಲಿ ತೊಳೆದು ಒಂದನ್ನು ಹಿಡಿದೆ. ಸುಮಾರು 14 ಸೆಂ.ಮೀ. ಉದ್ದ, ದಪ್ಪ ಸೈಕಲ್ ಕಡ್ಡಿಯಷ್ಟು. ಮೈ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ. ತಲೆ ಯಾವುದು ಬಾಲ ಯಾವುದು ಅಂತ ನಾಲಿಗೆ ಹೊರಗೆ ಬಂದಾಗಲೇ ಗೊತ್ತಾಗಿದ್ದು. ಹೊಟ್ಟೆಯಲ್ಲಿ ಅಗಲವಾದ ಪಟ್ಟಿ ಇಲ್ಲ. ಬೆನ್ನಿನ ಹಾಗೇ ಸಣ್ಣ ಸಣ್ಣ ಹುರುಪೆ.

ಇರುವೆ ಇವೆ, ಜಾಸ್ತಿನೇ ಇವೆ. ಆ ಮೂಲೆ ಒಣಗಿದೆ. ಗೋಣಿಚೀಲದ ಅಡಿ ಇರುವೆಯ ಬಿಳಿ ಮೊಟ್ಟೆಗಳ ರಾಶಿ.

ಇನ್ನೊಂದು ಸಿಕ್ಕಿತು ಸರ್, ಅದು ಬೇರೆ ಥರ ಇದೆ. ಕಂದು ಬಣ್ಣ, 38 ಸೆಂ.ಮೀ., ಪೆನ್ನಿನಷ್ಟು ದಪ್ಪ. ಮೂತಿ ಗಿಣಿಯ ಕೊಕ್ಕಿನ ಹಾಗೆ ಕೆಳಗೆ ಬಾಗಿದೆ. ಇದು ಅದರ ತಾಯಿಯಾ?

ರಾಯಚೂರು ಉರಗಮಿತ್ರ:
ಫೋಟೋ ನೋಡಿ ನನಗೆ ತುಂಬಾ ಖುಷಿಯಾಯಿತು. ತಾಯಿ ಅಲ್ಲ ಅಣ್ಣಾ, ಜಾತಿಯೇ ಬೇರೆ. ಎರಡಕ್ಕೂ ವಿಷ ಇಲ್ಲ.

ನಾಗರ, ಕಟ್ಟು ಹಾವು, ಮಂಡಲ, ಇವುಗಳ ಮರಿಗಳಿಗೂ ಹೊಟ್ಟೆಯ ಅಡಿ ಅಡ್ಡಡ್ಡ ಅಗಲ ಪಟ್ಟಿ ಇರುತ್ತದೆ. ಹುಳಹಾವಿಗೆ ಮೈ ಸುತ್ತ ಒಂದೇ ಅಳತೆಯ ಹುರುಪೆ. ಕಪ್ಪು ಚಿಕ್ಕದನ್ನು ಭೂತಗನ್ನಡಿ ಇಟ್ಟು ಸುತ್ತ ಎಣಿಸಿ, 20 ಸಾಲು ಸಿಗಬೇಕು. ಅದರ ವೈಜ್ಞಾನಿಕ ಹೆಸರು ಇಂಡೊಟಿಫ್ಲಾಪ್ಸ್ ಬ್ರಾಮಿನಸ್. ಕೊಕ್ಕಿನದು ಗ್ರೈಪೊಟಿಫ್ಲಾಪ್ಸ್ ಅಕ್ಯೂಟಸ್, ಇದರ ಸಾಲು 20ಕ್ಕಿಂತ ಜಾಸ್ತಿ. 60 ಸೆಂ.ಮೀ. ವರೆಗೂ ಬೆಳೆಯುತ್ತದೆ. ಭಾರತ ಬಿಟ್ಟು ಬೇರೆಲ್ಲೂ ಇಲ್ಲದ ಹಾವು. ಆ ಕೊಕ್ಕು ಮಣ್ಣು ಸೀಳುವುದಕ್ಕೆ.

ಚುಚ್ಚಿದ್ದು ಬಾಲದ ತುದಿಯ ಮೊಂಡು ಮುಳ್ಳು. ಬಿಲದಲ್ಲಿ ಅದನ್ನು ಊರಿಕೊಂಡೇ ಅದು ಮುಂದೆ ನೂಕುತ್ತದೆ. ಕಣ್ಣು ಪೂರ್ತಿ ಇಲ್ಲ ಅಂತಲ್ಲ. ಹುರುಪೆಯ ಅಡಿ ಎರಡು ಕರಿ ಚುಕ್ಕೆ ಇವೆ ನೋಡಿ. ಬೆಳಕು, ಕತ್ತಲೆ ಅಷ್ಟೇ ತಿಳಿಯುತ್ತದೆ. ಗೋಣಿಚೀಲ ಎತ್ತಿದ ತಕ್ಷಣ ಓಡಿದ್ದು ಅದಕ್ಕೇ. ಕಿವಿಗೆ ಹೋಗುವ ಆಸೆ ಅದಕ್ಕಿಲ್ಲ ಅಂತ ಅವ್ವನಿಗೆ ಹೇಳಿ. ಅದಕ್ಕೆ ಬೇಕಿರುವುದು ಇರುವೆ ಮತ್ತು ಗೆದ್ದಲಿನ ಮೊಟ್ಟೆ, ಮರಿ. ಈ ಕುಟುಂಬದ ಹಾವುಗಳಿಗೆ ಹಲ್ಲು ಮೇಲಿನ ದವಡೆಯಲ್ಲಿ ಮಾತ್ರ. ಅದನ್ನೇ ಹಿಂದೆ ಮುಂದೆ ಆಡಿಸುತ್ತಾ ಮರಿಗಳನ್ನು ಬಾಯೊಳಗೆ ಗೋರಿಕೊಳ್ಳುತ್ತದೆ. ದೊಡ್ಡ ಗೆದ್ದಲಾದರೆ ನೆಲಕ್ಕೆ ಉಜ್ಜಿ ತಲೆ ಮುರಿದು ಮೈಯನ್ನಷ್ಟೇ ನುಂಗುತ್ತದೆ ಅಂತ ಜಪಾನಿನವರು 2015ರಲ್ಲಿ ಬರೆದಿದ್ದಾರೆ.

ಅಂದರೆ ನಿಮ್ಮ ತೊಟ್ಟಿಯ ಕಾಯಿಲೆ ಹಾವಲ್ಲ. ಮೂಲೆ ಒಣಗಿತು, ಇರುವೆ ಗೂಡು ಕಟ್ಟಿತು, ಅದರ ಹಿಂದೆ ಹಾವು ಬಂತು. ಎರೆಹುಳ ಕಮ್ಮಿಯಾಗಿದ್ದು ಒಣಗಿದ್ದರಿಂದ ಮತ್ತು ಇರುವೆಯಿಂದ. ತೊಟ್ಟಿಯ ಸುತ್ತ ಒಂದು ಸಣ್ಣ ಕಾಲುವೆ ತೋಡಿ ನೀರು ನಿಲ್ಲಿಸಿ. ಗೊಬ್ಬರ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು, ಅಷ್ಟು ತೇವ ಇರಲಿ. 20 ಲೀಟರ್ ನೀರಿಗೆ ಖಾರದ ಪುಡಿ, ಅರಿಶಿನ, ಉಪ್ಪು ತಲಾ 100 ಗ್ರಾಂ, ಸ್ವಲ್ಪ ಸೋಪಿನ ಪುಡಿ ಕಲಸಿ ತೊಟ್ಟಿಯ ಹೊರಗೆ ಸುತ್ತಲೂ ಹಾಕಿ. ಒಳಗೆ ಒಂದು ಹನಿಯೂ ಬೇಡ.

ಸಿರುಗುಪ್ಪ ಮೇಷ್ಟ್ರು:
ನಮ್ಮ ಶಾಲೆಯ ಹೂಕುಂಡದಲ್ಲೂ ಈ ಕಪ್ಪು ಹಾವು ಸಿಕ್ಕಿತ್ತು. ಒಂದು ಪುಸ್ತಕದಲ್ಲಿ ಟಿಫ್ಲಾಪ್ಸ್, ಇನ್ನೊಂದರಲ್ಲಿ ರಾಂಫೊಟಿಫ್ಲಾಪ್ಸ್ ಅಂತಿದೆ. ಮಕ್ಕಳಿಗೆ ಯಾವುದು ಹೇಳಲಿ?

ರಾಯಚೂರು ಉರಗಮಿತ್ರ:
ಮೂರೂ ಒಂದೇ ಹಾವು, ಮೇಷ್ಟ್ರೇ. ಪ್ಯಾಟ್ರಿಕ್ ರಸೆಲ್ ಎಂಬ ಸ್ಕಾಟ್ಲೆಂಡಿನ ವೈದ್ಯರು 1796ರಲ್ಲಿ ವಿಶಾಖಪಟ್ಟಣದ ಹಾವಿನ ಚಿತ್ರ ಅಚ್ಚು ಹಾಕಿಸಿದರು. ಅದರ ಮೇಲೆ 1803ರಲ್ಲಿ ದೊದಾಂ ಎಂಬ ಫ್ರೆಂಚ್ ವಿಜ್ಞಾನಿ ಎರಿಕ್ಸ್ ಬ್ರಾಮಿನಸ್ ಅಂತ ಹೆಸರಿಟ್ಟರು. ಎರಿಕ್ಸ್ ಅಂದರೆ ಈಗ ನಮ್ಮ ಮಣ್ಣುಮುಕ್ಕ ಹಾವಿನ ಗುಂಪು! ಆಮೇಲೆ ಟಿಫ್ಲಾಪ್ಸ್, ರಾಂಫೊಟಿಫ್ಲಾಪ್ಸ್ ಆಗಿ, 2014ರಲ್ಲಿ ಇಂಡೊಟಿಫ್ಲಾಪ್ಸ್ ಆಯಿತು. 2020ರಲ್ಲಿ ವರ್ಗೊಟಿಫ್ಲಾಪ್ಸ್ ಅಂತ ಮತ್ತೊಂದು ಹೆಸರು ಬಂದಿದೆ, ಎಲ್ಲರೂ ಒಪ್ಪಿಲ್ಲ. ಹೊರಗೆ ನೋಡಿದರೆ ಹೆಚ್ಚಿನ ಹುಳಹಾವುಗಳು ಒಂದೇ ಥರ, ಅದಕ್ಕೇ ಇಷ್ಟು ತಿರುಗಾಟ. ಬ್ರಾಮಿನಸ್ ಅನ್ನುವುದು ಮಾತ್ರ ಬದಲಾಗಿಲ್ಲ, ಮಕ್ಕಳಿಗೆ ಅದನ್ನು ಹಿಡಿದುಕೊಳ್ಳಲು ಹೇಳಿ.

ಇದನ್ನೂ ಹೇಳಿ: ಈ ಜಾತಿಯಲ್ಲಿ ಎಲ್ಲವೂ ಹೆಣ್ಣು. ವರ್ಣತಂತುಗಳು ಎರಡೆರಡಲ್ಲ, ಮೂರು ಮೂರರ ಗುಂಪಿನಲ್ಲಿವೆ. ಗಂಡಿಲ್ಲದೆ ಮೊಟ್ಟೆ ಇಡುತ್ತದೆ. ಕುಂಡದ ಮಣ್ಣಿನಲ್ಲಿ ಒಂದೇ ಒಂದು ಹೋದರೂ ಸಂಸಾರ ಶುರು. ಹಾಗೇ ಹಡಗು ಹತ್ತಿ ಅಮೆರಿಕದ ಫ್ಲೋರಿಡಾ, ಹವಾಯಿವರೆಗೆ ಹೋಗಿದೆ.

ಗಂಗಾವತಿ ತೋಟ:
ಮೂರು ವಾರ ಆಯಿತು. ಇರುವೆ ಪೂರ್ತಿ ಹೋಗಿವೆ. ಮೂಲೆಯಲ್ಲಿ ಮತ್ತೆ ಸಣ್ಣ ಎರೆಹುಳ ಕಾಣುತ್ತಿವೆ. ಸಾಲು ಎಣಿಸಿದೆ ಸರ್, ಎರಡು ಸಲ ತಪ್ಪಿ ಮೂರನೇ ಸಲಕ್ಕೆ 20 ಬಂತು. ಕೊಕ್ಕಿನದನ್ನು ಬದುವಿನ ಹತ್ತಿರ ಗೆದ್ದಲು ಹಿಡಿದ ಬೇವಿನ ಬುಡದಲ್ಲಿ ಬಿಟ್ಟೆ. ಐದೇ ನಿಮಿಷದಲ್ಲಿ ಮಣ್ಣೊಳಗೆ ಹೋಯಿತು. ಅವ್ವ ಪಕ್ಕದಲ್ಲೇ ನಿಂತು ನೋಡಿದರು, ಸೆರಗಿನಿಂದ ಎರಡೂ ಕಿವಿ ಮುಚ್ಚಿಕೊಂಡು.